ಓಂಕಾರಪ್ಪನವರ ‘ಕೊಳ್ಳಾಂ’

ದಾವಣಗೆರೆಯ ಓಂಕಾರಪ್ಪನವರಿಗೆ ಭಾಷೆಗಳ ಬಗ್ಗೆ ಒಂದು ಸಿದ್ಧಾಂತವಿತ್ತು. ಮಲಯಾಳಂ ಎಂದರೆ ವೇಷ ಬದಲಿಸಿಕೊಂಡ ಕನ್ನಡ. ‘ವ’ ಇರುವಲ್ಲಿ ‘ಬ’, ‘ಪ’ ಇರುವಲ್ಲಿ ‘ಹ’ ಹಾಕಿಕೊಂಡರೆ ಅರ್ಧ ಕೇರಳ ಅರ್ಥವಾಗುತ್ತದೆ. ವೆಣ್ಣ ಬೆಣ್ಣೆ, ವಿಲ ಬೆಲೆ, ವಳ ಬಳೆ, ಪಾಲ್ ಹಾಲು, ಪೂವ್ ಹೂವು, ವೇಂಡ ಬೇಡ. ಕೇರಳಕ್ಕೆ ಬಂದ ಮೊದಲ ತಿಂಗಳಲ್ಲೇ ಅವರು ಇದನ್ನು ಯಾರ ಸಹಾಯವೂ ಇಲ್ಲದೆ ಕಂಡುಹಿಡಿದಿದ್ದರು. ಸಿದ್ಧಾಂತ ಬಹುಪಾಲು ಸರಿಯಾಗಿಯೇ ಇತ್ತು. ಪೂರ್ತಿ ತಪ್ಪಾಗಿದ್ದರೆ ಅವರು ಅದನ್ನು ಬೇಗ ಬಿಟ್ಟುಬಿಡುತ್ತಿದ್ದರು.

ಅವರು ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯ ಮಾರಾಟ ಪ್ರತಿನಿಧಿ. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಹಣೆಯ ಮೇಲೆ ತೆಳುವಾದ ವಿಭೂತಿ, ಕೈಯಲ್ಲಿ ಕಪ್ಪು ಚೀಲ. ಚೀಲದೊಳಗೆ ಮಾದರಿ ಕ್ಯಾಸೆಟ್ಟುಗಳು, ಒಂದು ಸಣ್ಣ ಟೇಪ್ ರೆಕಾರ್ಡರ್. ಅಂಗಡಿಯಿಂದ ಅಂಗಡಿಗೆ ಹೋಗಿ, ಹೊಸದಾಗಿ ಬಂದದ್ದನ್ನು ಸ್ವಲ್ಪ ಹೊತ್ತು ನುಡಿಸಿ, ಎಷ್ಟು ಬೇಕೆಂದು ಕೇಳಿ ಬೆಂಗಳೂರಿಗೆ ತಿಳಿಸುವುದು ಅವರ ಕೆಲಸ. ಕಂಪನಿ ಅವರನ್ನು ಬಳ್ಳಾರಿ, ಸೊಲ್ಲಾಪುರ, ಕರ್ನೂಲು, ಸೇಲಂ ಎಂದು ಒಂದೊಂದು ಕಡೆ ಎರಡೆರಡು ವರ್ಷ ಇಟ್ಟು ಎತ್ತಿತ್ತು. ಮಗಳು ಮದುವೆಯಾಗಿ ಹರಿಹರದಲ್ಲಿದ್ದಳು. ೧೯೯೬ರಲ್ಲಿ ತಿರುವನಂತಪುರದ ಉಳ್ಳೂರಿನಲ್ಲಿ ಮನೆ ಹಿಡಿದು ಸಾಮಾನು ಇಳಿಸಿದ ದಿನ ಹೆಂಡತಿ ಸೀತಮ್ಮ ಸೆರಗು ಸಿಕ್ಕಿಸಿಕೊಂಡು ನಡುಮನೆಯಲ್ಲಿ ನಿಂತು ಹೇಳಿದರು:

“ನೋಡ್ರಿ, ಇದೇ ಕಡೇ ಮನೆ. ಇನ್ನೊಂದ್ಸಲ ವರ್ಗ ಆದ್ರೆ ನೀವು ಹೋಗ್ರಿ. ನಾನೂ ನನ್ನ ಪಾತ್ರೆನೂ ಇಲ್ಲೇ ಇರ್ತೀವಿ.”

ಹೇಳಿದ ಮೇಲೆ ಪಾತ್ರೆ ತುಂಬಿ ತಂದಿದ್ದ ಗೋಣಿಚೀಲಗಳನ್ನು ಮಡಚಿ, ಹಗ್ಗ ಸುತ್ತಿ, ಅಟ್ಟದ ಮೇಲೆ ಇಟ್ಟರು. ಮಾತು ಬೇರೆ, ಅನುಭವ ಬೇರೆ ಎಂದು ಬಲ್ಲ ಹೆಂಗಸು.

ಉಳ್ಳೂರು ಸೀತಮ್ಮನಿಗೆ ಒಗ್ಗಿತು. ಹಿತ್ತಲಲ್ಲಿ ಕರಿಬೇವಿತ್ತು, ಬಾವಿಯಲ್ಲಿ ನೀರಿತ್ತು, ಪಕ್ಕದ ಮನೆಯಲ್ಲಿ ವಸಂತಿ ಇದ್ದಳು. ವಸಂತಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ನರ್ಸು. ಡ್ಯೂಟಿ ಮುಗಿಸಿ ಬಂದವಳು ಸೀದಾ ಸೀತಮ್ಮನ ಅಡುಗೆಮನೆಯ ಮಣೆಯ ಮೇಲೆ ಕೂರುತ್ತಿದ್ದಳು. ಇವರು ಮಂಡಕ್ಕಿ ಒಗ್ಗರಣೆ ಕೊಟ್ಟರೆ ಅವಳು ತಿಂದು, ತಲೆ ತೂಗಿ, “ಕೊಳ್ಳಾಂ ಚೇಚಿ, ಕೊಳ್ಳಾಂ ಕೇಟ್ಟೋ” ಎನ್ನುತ್ತಿದ್ದಳು. ಖಾಲಿ ತಟ್ಟೆ ನೋಡಿ ಸೀತಮ್ಮ ಆ ಮಾತಿನ ಅರ್ಥ ತಿಳಿದುಕೊಂಡರು. ಅವರಿಗೆ ಸಿದ್ಧಾಂತ ಬೇಕಾಗಲಿಲ್ಲ. ಓಂಕಾರಪ್ಪ ಆ ಹೊತ್ತಿನಲ್ಲಿ ಎಂದೂ ಮನೆಯಲ್ಲಿ ಇರುತ್ತಿರಲಿಲ್ಲ.

ಆ ವರ್ಷ ಕಂಪನಿಗೆ ಹೊಸ ಹುಮ್ಮಸ್ಸು ಬಂತು. ಭಕ್ತಿಗೀತೆ, ಭಾವಗೀತೆ ಮಾರಿಕೊಂಡಿದ್ದವರು ಅಮೆರಿಕದ ಕೆಲವು ವಾದ್ಯತಂಡಗಳ ಕ್ಯಾಸೆಟ್ಟುಗಳನ್ನು ಇಲ್ಲಿ ಅಚ್ಚು ಹಾಕಿ ಮಾರಲು ಒಪ್ಪಂದ ಮಾಡಿಕೊಂಡರು. ಮೊದಲನೆಯದರ ಮುಖಪುಟದಲ್ಲಿ ತುಕ್ಕು ಹಿಡಿದ ಗರಗಸದ ಚಿತ್ರ. ಇಂಗ್ಲಿಷ್ ಹೆಸರು ಉದ್ದವಾಗಿತ್ತು. ಓಂಕಾರಪ್ಪ ‘ಗರಗಸ’ ಎಂದರು, ಎಲ್ಲರೂ ಹಾಗೆಯೇ ಕರೆದರು. ಮೆಟಲ್ ಜಾತಿಯ ಗಿಟಾರಿಗೆ ಹಾರ್ಡ್‌ಕೋರ್ ಎಂಬ ಜಾತಿಯ ಕಿರುಚಾಟ ಬೆರೆಸಿದ ಸಂಗೀತ ಅದು ಎಂದು ಕಂಪನಿ ಕಳಿಸಿದ ಕಾಗದದಲ್ಲಿ ಬರೆದಿತ್ತು. ಮಾರಾಟದ ಮುಖ್ಯಸ್ಥ ದಾಮೋದರ ಫೋನಿನಲ್ಲಿ ಬಿಡಿಸಿ ಹೇಳಿದರು:

“ಓಂಕಾರಪ್ನೋರೇ, ಇದು ಕೇರಳದಲ್ಲಿ ಓಡಿದ್ರೆ ತಿರುವನಂತಪುರದಲ್ಲಿ ಡಿಪೋ ಹಾಕ್ತೀವಿ, ನೀವು ಅಲ್ಲೇ ಖಾಯಂ. ಓಡ್ಲಿಲ್ಲ ಅಂದ್ರೆ ನಾಗಪುರದಲ್ಲಿ ಒಂದು ಜಾಗ ಖಾಲಿ ಇದೆ, ಹೇಳಿರ್ತೀನಿ.”

ಓಂಕಾರಪ್ಪ ನಾಗಪುರದ ವಿಷಯ ಮನೆಯಲ್ಲಿ ಹೇಳಲಿಲ್ಲ. ಕೋಣೆಯಲ್ಲಿ ಕೂತು ಗರಗಸವನ್ನು ಟೇಪ್ ರೆಕಾರ್ಡರಿಗೆ ಹಾಕಿದರು. ಕೂಡಲೇ ನಿಲ್ಲಿಸಿದರು. ಟೇಪು ಸಿಕ್ಕಿಕೊಂಡಿದೆ ಎಂದುಕೊಂಡು ಯಂತ್ರದ ಮುಚ್ಚಳ ತೆಗೆದು, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಮತ್ತೆ ಹಾಕಿದರು. ಅದೇ ಸದ್ದು. ಸೀತಮ್ಮ ಬಾಗಿಲಿಗೆ ಬಂದರು.

“ಏನ್ರಿ ಅದು? ಯಾರನ್ನ ಬೈತಾ ಇದಾನೆ?”

“ಹಾಡ್ತಾ ಇದಾನೆ.”

“ಯಾಕಂತೆ ಇಷ್ಟು ಸಿಟ್ಟು?”

“ಇಂಗ್ಲಿಷಲ್ಲಿ ಹೇಳ್ತಾ ಇದಾನಂತೆ. ನಂಗೂ ತಿಳೀವಲ್ದು.”

“ಹಂಗಾದ್ರೆ ಅವನ ಅರ್ಧ ಸಿಟ್ಟು ದಂಡ ಆಯ್ತು, ಬಿಡ್ರಿ,” ಎಂದು ಸೀತಮ್ಮ ಒಳಗೆ ಹೋದರು. ಗರಗಸದ ಬಗ್ಗೆ ಕೇರಳದಲ್ಲಿ ಹೊರಬಿದ್ದ ಮೊದಲ ಅಭಿಪ್ರಾಯ ಇದು.

ಓಂಕಾರಪ್ಪ ತಂಪಾನೂರಿನ ರೈಲು ನಿಲ್ದಾಣದ ಎದುರಿನ ಅಂಗಡಿಗಳಿಂದ ಆರಂಭಿಸಿ, ಕೊಲ್ಲಂ, ಕೋಟ್ಟಯಂ ದಾಟಿ ಕೊಚ್ಚಿಯ ವೈಟ್ಟಿಲದವರೆಗೆ ಗರಗಸ ನುಡಿಸುತ್ತ ಹೋದರು. ಅಂಗಡಿಯವರು ಸಭ್ಯರು. ಬಿಸಿಲಲ್ಲಿ ಬಂದ ಮನುಷ್ಯನನ್ನು ಕೂರಿಸಿ, ನೀರು ಕೊಟ್ಟು, ಮುಖ ಕಿವುಚಿಕೊಳ್ಳದೆ ಕೇಳಿ, ಕೊನೆಗೆ ತಲೆಯಾಡಿಸಿ “ಕೊಳ್ಳಾಂ” ಎಂದರು. ಒಬ್ಬರಲ್ಲ, ಇಬ್ಬರಲ್ಲ, ಹೆಚ್ಚುಕಡಿಮೆ ಎಲ್ಲರೂ. ವೈಟ್ಟಿಲದ ಜೋಸೆಫ್ ಎಂಬ ದಪ್ಪ ಮೀಸೆಯ ಅಂಗಡಿಯವನು ಎರಡು ಸಲ ಅಂದ: “ಕೊಳ್ಳಾಂ, ಸಾರೇ, ಕೊಳ್ಳಾಂ.”

ಇಲ್ಲಿ ‘ವ’ವೂ ಇರಲಿಲ್ಲ, ‘ಪ’ವೂ ಇರಲಿಲ್ಲ, ಏನನ್ನೂ ಬದಲಿಸಬೇಕಾಗಿರಲಿಲ್ಲ. ಬೇಡವೆನ್ನುವವರು ‘ವೇಂಡ’ ಅನ್ನುತ್ತಾರೆ. ಇವರು ಕೊಳ್ಳಾಂ ಅನ್ನುತ್ತಿದ್ದಾರೆ. ಅಂದರೆ ಕೊಳ್ಳೋಣ. ಅಚ್ಚ ಕನ್ನಡ. ಓಂಕಾರಪ್ಪ ಅಂದೇ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿಗೆ ಫೋನು ಮಾಡಿದರು. “ಸಾರ್, ಇಡೀ ಕೇರಳ ಕೊಳ್ಳುತ್ತೆ. ಮಾಲು ಕಳಿಸಿ.”

ಮಾಲು ಬಂತು. ಎಂಟು ದೊಡ್ಡ ಪೆಟ್ಟಿಗೆ. ತಂಪಾನೂರಿನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಒಬ್ಬೊಬ್ಬರೂ “ವೇಂಡ” ಎಂದರು, ಈ ಸಲ ಸ್ಪಷ್ಟವಾಗಿ. ಓಂಕಾರಪ್ಪನಿಗೆ ಇಡೀ ಊರೇ ಸೇರಿಕೊಂಡು ಮೋಸ ಮಾಡಿದಂತೆ ಕಂಡಿತು. ವೈಟ್ಟಿಲಕ್ಕೆ ಹೋಗಿ ಜೋಸೆಫನ ಮುಂದೆ ಒಂದು ಪೆಟ್ಟಿಗೆ ಇಳಿಸಿ, ಕಷ್ಟಪಟ್ಟು ಜೋಡಿಸಿಕೊಂಡಿದ್ದ ಮಲಯಾಳದಲ್ಲಿ ತಮ್ಮ ದೂರು ಹೇಳಿದರು: ನೀನೇ ಕೊಳ್ಳಾಂ ಅಂದೆ, ಎರಡು ಸಲ ಅಂದೆ, ಕೊಟ್ಟ ಮಾತು ಹೀಗೇನು?

ಜೋಸೆಫ್ ಮೊದಲು ಪೆಟ್ಟಿಗೆ ನೋಡಿದ, ಆಮೇಲೆ ಅವರ ಮುಖ ನೋಡಿದ, ಆಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಮೈ ಕುಲುಕಿಸಿ ನಕ್ಕ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಕನ್ನಡದಲ್ಲಿ ಹೇಳಿದ:

“ಸಾರೇ, ಕೊಳ್ಳಾಂ ಅಂದ್ರೆ ಚೆನ್ನಾಗಿದೆ ಅಂತ. ಅಷ್ಟೇ. ನಿಮ್ಮ ಅಂಗಿ ಕೊಳ್ಳಾಂ, ಇವತ್ತಿನ ಬಿಸಿಲು ಕೊಳ್ಳಾಂ. ನಾನು ಕೊಂಡ್ಕೊಳ್ತೀನಿ ಅಂತ ಯಾವಾಗ ಹೇಳ್ದೆ?”

ಓಂಕಾರಪ್ಪನಿಗೆ ಕೂರಬೇಕೆನಿಸಿತು. ಕೂತರು. “ನಿಂಗೆ ಕನ್ನಡ ಬರ್ತದಾ?”

“ಎಂಟು ವರ್ಷ ಬೆಂಗಳೂರಲ್ಲಿ ಬೇಕರಿ ಕೆಲಸ ಸಾರೇ. ಶಿವಾಜಿನಗರ.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ನಿಮ್ಮ ಮಲಯಾಳಂ ಕೇಳೋಕೆ ರಸ ಇತ್ತು, ಸಾರೇ. ನಿಲ್ಲಿಸ್ಬಿಡ್ತೀರಿ ಅಂತ.”

ತಿರುವನಂತಪುರಕ್ಕೆ ಮರಳುವ ರೈಲಿನಲ್ಲಿ ಓಂಕಾರಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತರು. ಬೆಂಗಳೂರಿಗೆ ಸತ್ಯ ಹೇಳಿದರೆ ನಾಗಪುರ. ಹೇಳದಿದ್ದರೆ ಎಂಟು ಪೆಟ್ಟಿಗೆ ಹೇಗಾದರೂ ಕರಗಬೇಕು. ಸದ್ಯಕ್ಕೆ ಅವರು “ನಿಧಾನಕ್ಕೆ ಹೋಗ್ತಾ ಐತೆ ಸಾರ್” ಎಂದು ಮಾತ್ರ ಫೋನಿನಲ್ಲಿ ಹೇಳಿದರು. ಮನೆಯಲ್ಲಿ ಸೀತಮ್ಮನಿಗೆ ಎಲ್ಲವನ್ನೂ ಹೇಳಬೇಕಾಯಿತು, ಏಕೆಂದರೆ ಪೆಟ್ಟಿಗೆಗಳು ನಡುಮನೆಯಲ್ಲಿದ್ದವು.

“ಕೊಳ್ಳಾಂ ಅಂದ್ರೆ ಏನು ಅಂತ ನನ್ನ ಕೇಳಬಾರದಿತ್ತಾ?” ಎಂದರು ಸೀತಮ್ಮ. “ದಿನಾ ಕೇಳ್ತೀನಿ ನಾನು ಅದನ್ನ. ಮಂಡಕ್ಕಿ ಕೊಂಡ್ಕೊಂಡು ಹೋಗಿದಾಳಾ ವಸಂತಿ? ತಿಂದ್ಕೊಂಡು ಹೋಗ್ತಾಳೆ.”

ವಸಂತಿ ಸ್ವತಃ ಗರಗಸವನ್ನು ಒಂದು ಪಕ್ಕ ಪೂರ್ತಿ ಕೇಳಿದಳು. ಕೈ ಕಟ್ಟಿಕೊಂಡು, ವಾರ್ಡಿನಲ್ಲಿ ರೋಗಿಯ ಕೆಮ್ಮು ಕೇಳುವ ಹಾಗೆ. ಆಮೇಲೆ ತೀರ್ಪು ಕೊಟ್ಟಳು: ಹುಡುಗನ ಗಂಟಲಿನಲ್ಲಿ ಗಂಟು ಆಗಿದೆ, ಉಪ್ಪುನೀರು ಮುಕ್ಕಳಿಸದಿದ್ದರೆ ಎರಡು ವರ್ಷದಲ್ಲಿ ದನಿ ಹೋಗುತ್ತದೆ, ಯಾರಾದರೂ ಅವನಿಗೆ ತಿಳಿಸಬೇಕು. ಅವಳ ಅಭಿಪ್ರಾಯದಲ್ಲಿ ಸಂಗೀತದ ಮಾತೇ ಇರಲಿಲ್ಲ.

ಓಂಕಾರಪ್ಪನ ಕೆಲಸದ ರೀತಿ ಅಂದಿನಿಂದ ಬದಲಾಯಿತು. ಕೊಳ್ಳಾಂ ಎಂದವರನ್ನು ಅವರು ಬಿಡದೆ ಎರಡನೆಯ ಪ್ರಶ್ನೆ ಕೇಳತೊಡಗಿದರು: ಕೊಳ್ಳಾಂ ಸರಿ, ವೇಣಮೋ? ಚೆನ್ನಾಗಿದೆ ಸರಿ, ಬೇಕೋ? ಬೇಡವೆಂದರೆ ಮೂರನೆಯ ಪ್ರಶ್ನೆ: ಯಾಕೆ ಬೇಡ? ಮಾರಾಟದವನು ಕಾರಣ ಕೇಳಿದರೆ ಜನಕ್ಕೆ ಆಶ್ಚರ್ಯ. ಕೇಳಿದ ಮೇಲೆ ಎಲ್ಲರೂ ಹೇಳಿದರು. ಜೋಸೆಫನ ಪ್ರಕಾರ ಅದು ಸಂಗೀತವಲ್ಲ, ಕಲ್ಲಿನ ಕ್ವಾರಿ. ತಂಪಾನೂರಿನ ಲಾಡ್ಜಿನ ಮ್ಯಾನೇಜರನಿಗೆ ಅದು ಹಿಡಿಸಿತು. ಖಾಲಿ ಮಾಡದ ಗಿರಾಕಿಯ ಕೋಣೆಯ ಪಕ್ಕ ಹಾಕಲು ಒಂದು ತೆಗೆದುಕೊಂಡ.

ನಿಜವಾದ ಕೇಳುಗರು ಇಬ್ಬರು ಸಿಕ್ಕರು, ರಾಜ್ಯದ ಎರಡು ಕಡೆ. ಕೊಚ್ಚಿಯಲ್ಲಿ ಅಲ್ವಿನ್. ಮಂಗಳೂರಿನವನು, ಬಂದರಿನ ಬಳಿ ಹಡಗು ಏಜೆಂಟರ ಕಚೇರಿಯಲ್ಲಿ ಗುಮಾಸ್ತ, ತಲೆಗೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡು ಕಾಲರಿನೊಳಗೆ ಅಡಗಿಸಿಕೊಳ್ಳುವವನು. ಓಂಕಾರಪ್ಪ ಜೋಸೆಫನ ಅಂಗಡಿಯಲ್ಲೇ ಬಿಟ್ಟುಬಂದಿದ್ದ ಪೆಟ್ಟಿಗೆಯಿಂದ ಗರಗಸ ಕೊಂಡವನು ಮುಂದಿನ ವಾರ ಓಂಕಾರಪ್ಪನನ್ನು ಹಿಡಿದುಕೊಂಡ.

“ಎಂತ ಮಾರಾಯ್ರೆ ಇದು? ಗಿಟಾರ್ ಎಲ್ಲ ಒಳ್ಳೆದುಂಟು. ಆದ್ರೆ ಬ್ರೇಕ್‌ಡೌನ್ ತುಂಬ ಜಾಸ್ತಿ ಆಯ್ತು.”

ಓಂಕಾರಪ್ಪನ ಮುಖ ಬಾಡಿತು. ಬಸ್ಸು ಕೆಡುವುದು ಬ್ರೇಕ್‌ಡೌನ್. ಟೇಪು ಕೆಟ್ಟಿರಬೇಕು. “ತಪ್ಪಾಯ್ತಪ್ಪ. ಬೇರೆ ಪೀಸು ಕೊಡ್ತೀನಿ. ಕಂಪನಿ ಬದಲಾಯಿಸಿ ಕೊಡ್ತದೆ.”

“ಬೇರೆ ಪೀಸಲ್ಲಿ ಬ್ರೇಕ್‌ಡೌನ್ ಇಲ್ವಾ?”

“ಒಂದೂ ಇರಂಗಿಲ್ಲ. ನಾನೇ ನೋಡಿ ಕೊಡ್ತೀನಿ.”

ಅಲ್ವಿನ್ ಅವರ ಮುಖವನ್ನೇ ನೋಡಿದ. ಮುದುಕ ತಮಾಷೆ ಮಾಡುತ್ತಿದ್ದಾನೋ ಏನೋ ತಿಳಿಯಲಿಲ್ಲ.

ತಿರುವನಂತಪುರದಲ್ಲಿ ಪಾವನಾ. ತಂದೆ ಹುಬ್ಬಳ್ಳಿಯವರು, ಬಾಹ್ಯಾಕಾಶ ಕೇಂದ್ರದ ವಿಜ್ಞಾನಿ. ಮಗಳು ಇಲ್ಲೇ ಬೆಳೆದು ಎಂಜಿನಿಯರಿಂಗ್ ಓದುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಸಿಟ್ಟು ಬಂದರೆ ಮಲಯಾಳದಲ್ಲಿ. ತಂಪಾನೂರಿನ ಅಂಗಡಿಯಲ್ಲಿ ಓಂಕಾರಪ್ಪನ ಕನ್ನಡ ಕೇಳಿ ಅವಳಾಗಿಯೇ ಮಾತನಾಡಿಸಿದಳು. ಅವರಿಂದಲೇ ಗರಗಸ ಕೊಂಡಳು; ಮುಂದಿನ ವಾರ ಹೇಗಿದೆ ಎಂದು ಅವರು ಕೇಳಿದರು.

“ಪೋರಾ ಅಂಕಲ್. ಸಾಲದು. ಇದು ಹಾರ್ಡ್‌ಕೋರೇ ಅಲ್ಲ, ಮೆಟಲ್. ಬರೀ ಗಿಟಾರ್ ಶೋ. ಇವರ ಫಸ್ಟ್ ಆಲ್ಬಮ್ ಎಂದಾಯಿರುನ್ನು, ಎಂಥದ್ದಿತ್ತು ಗೊತ್ತಾ! ಇದರಲ್ಲಿ ಬ್ರೇಕ್‌ಡೌನೇ ಕಮ್ಮಿ.”

ಬ್ರೇಕ್‌ಡೌನ್ ಕಡಿಮೆಯಾಯಿತೆಂದು ದೂರುವ ಗಿರಾಕಿಯನ್ನು ಓಂಕಾರಪ್ಪ ತಮ್ಮ ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ. ಈ ಸಲ ಅವರು ಸಿದ್ಧಾಂತ ಕಟ್ಟಲಿಲ್ಲ. ನೇರವಾಗಿ ಕೇಳಿದರು: “ತಾಯಿ, ಬ್ರೇಕ್‌ಡೌನ್ ಅಂದ್ರೆ ಏನು?”

ಅವಳು ಅಂಗಡಿಯ ಟೇಪಿನಲ್ಲಿ ಹಾಕಿ ತೋರಿಸಿದಳು. ಓಡುತ್ತಿದ್ದ ಹಾಡು ಒಮ್ಮೆಲೇ ವೇಗ ಇಳಿಸಿ, ಡ್ರಮ್ಮು ಗಿಟಾರು ಎಲ್ಲ ಕೂಡಿ, ಭಾರವಾದ ಹೆಜ್ಜೆಯಿಟ್ಟಂತೆ ಒಂದೊಂದೇ ಏಟು ಹಾಕುವ ಜಾಗ. ಆ ಏಟುಗಳ ನಡುವೆ ಹಾಡುವವನು ಒಂದೊಂದು ಸಾಲನ್ನು ಎಸೆಯುತ್ತಾನೆ. “ಇದು ಅಂಕಲ್. ಎಲ್ಲಾರೂ ಕಾಯೋದು ಇದಕ್ಕೇ.”

ಓಂಕಾರಪ್ಪ ಕಿವಿಗೊಟ್ಟು ಕೇಳಿದರು. ಅವರಿಗೆ ವೀರಗಾಸೆಯವರ ಒಡಪು ನೆನಪಾಯಿತು. ಸಮಾಳದ ಬಡಿತ ನಿಂತು, ಕತ್ತಿ ಹಿಡಿದವನು ಎದೆ ಬಿರಿಯುವಂತೆ ಸಾಲು ಹೇಳಿ, ಸಾಲು ಮುಗಿದಲ್ಲಿ ಮತ್ತೆ ಸಮಾಳದ ಏಟು. ಹೇಳುವ ವಿಷಯ ಬೇರೆಯಿರಬಹುದು, ಉಸಿರು ಹಿಡಿಯುವ ರೀತಿ ಒಂದೇ. ಒಡಪು ಹೇಳುವವನಿಗೆ ಗಂಟಲು ನೋವೇ ಎಂದು ದಾವಣಗೆರೆಯಲ್ಲಿ ಯಾರೂ ಕೇಳಿದ್ದಿಲ್ಲ.

“ಇದು ಕಮ್ಮಿ ಆಯ್ತು ಅಂತೀಯ?”

“ತೀರಾ ಕಮ್ಮಿ.”

“ಕೊಚ್ಚಿಯಲ್ಲೊಬ್ಬ ಜಾಸ್ತಿ ಆಯ್ತು ಅಂತಾನೆ.”

ಪಾವನಾ ಹುಬ್ಬೇರಿಸಿದಳು. “ಆರಾ ಅವನ್? ಮೆಟಲ್‌ಕಾರನಾ? ಗಿಟಾರ್ ಸೋಲೋ ಬೇಕು ಅಂದನಾ? ಅವನಿಗೆ ಹೇಳಿ, ಹಾಡಿನ ಮಾತು ಓದು ಅಂತ. ಒಳಗೆ ಪ್ರಿಂಟ್ ಮಾಡಿದಾರೆ. ಸೋಲೋ ಹಾಕಿದ್ರೆ ಆ ಮಾತು ಸುಳ್ಳಾಗುತ್ತೆ.”

ಓಂಕಾರಪ್ಪ ಇದನ್ನು ಶಬ್ದಶಃ ವೈಟ್ಟಿಲಕ್ಕೆ ಹೊತ್ತುಕೊಂಡು ಹೋದರು. ಅಲ್ವಿನ್ ಕುರ್ಚಿಯಿಂದ ಎದ್ದೇಬಿಟ್ಟ. “ಸೋಲೋ ಹಾಕಿದ್ರೆ ಸುಳ್ಳಾ? ಎಂತ ಮಾತು ಅದು! ಎರಡನೇ ಪಕ್ಕದ ಮೂರನೇ ಹಾಡು ಕೇಳ್ಲಿಕ್ಕೆ ಹೇಳಿ ಅವಳಿಗೆ. ಆ ಡ್ರಮ್ಮಿನವ ಹಾರ್ಡ್‌ಕೋರಲ್ಲಿ ಹುಟ್ಟಿದವನೇ ಅಲ್ಲ, ಹೇಳಿ.” ಮರುವಾರ ಅದು ತಂಪಾನೂರಿಗೆ ಬಂತು. ಪಾವನಾ ಗೆಳತಿಯರನ್ನು ಕರೆತಂದಿದ್ದಳು. ಅವರಲ್ಲೇ ಎರಡು ಪಕ್ಷವಾಯಿತು. ಕೊಚ್ಚಿಯಲ್ಲೂ ಆಯಿತು. ಆಲ್ಬಮ್ ಮೆಟಲ್ಲೋ ಹಾರ್ಡ್‌ಕೋರೋ, ತಂಡ ಮೇಲೆ ಬಂದಿದೆಯೋ ಮಾರಿಕೊಂಡಿದೆಯೋ, ಹಾಡುವವನಿಗೆ ಸಿಟ್ಟಿದೆಯೋ ಅಥವಾ ಸಿಟ್ಟಿನ ಅಭ್ಯಾಸವಿದೆಯೋ ಎಂಬ ಪ್ರಶ್ನೆಗಳು ಓಂಕಾರಪ್ಪನ ಬಾಯಲ್ಲಿ ವಾರವಾರ ರೈಲು ಹತ್ತಿ ಇಳಿದವು.

ಹೀಗೆ ಪೆಟ್ಟಿಗೆಗಳು ಖಾಲಿಯಾಗತೊಡಗಿದವು. ಚೆನ್ನಾಗಿದೆ ಎನ್ನಿಸಿಕೊಂಡ ಕ್ಯಾಸೆಟ್ಟನ್ನು ಹುಡುಗರು ಒಬ್ಬರಿಂದ ಒಬ್ಬರು ಕಡ ತಂದು ನಕಲು ಮಾಡಿಕೊಳ್ಳುತ್ತಾರೆ. ಜಗಳವಾಡಬೇಕಾದರೆ ಸ್ವಂತದ್ದು ಬೇಕು, ಒಳಗಿನ ಸಣ್ಣಕ್ಷರದ ಹಾಳೆಯೂ ಬೇಕು. ಎದುರಾಳಿಯ ಹತ್ತಿರ ಕೇಳಲಾಗುವುದಿಲ್ಲ. ಅಲ್ವಿನ್ ಮತ್ತು ಪಾವನಾ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ನೋಡುವ ಅಗತ್ಯ ಇಬ್ಬರಿಗೂ ತೋರಲಿಲ್ಲ.

ಆದರೂ ವರ್ಷ ತಿರುಗಿದಾಗ ಎರಡು ಪೆಟ್ಟಿಗೆ ಉಳಿದಿದ್ದವು, ಮತ್ತು ದಾಮೋದರ ತಾವೇ ಕೇರಳಕ್ಕೆ ಬಂದರು. ಡಿಪೋ ಹಾಕುವುದೋ, ಓಂಕಾರಪ್ಪನನ್ನು ಎತ್ತುವುದೋ ಕಣ್ಣಾರೆ ನೋಡಿ ತೀರ್ಮಾನಿಸಬೇಕಿತ್ತು. ಓಂಕಾರಪ್ಪ ಅವರನ್ನು ಕಾಣಲು ಕೊಚ್ಚಿಗೆ ಹೊರಡುವ ಹಿಂದಿನ ದಿನ ಅಟ್ಟದ ಮೇಲಿನ ಗೋಣಿಚೀಲಗಳ ಕಡೆ ಸೀತಮ್ಮ ಒಮ್ಮೆ ನೋಡಿದರು.

ದಾಮೋದರ ಅದೇ ಸಾಲಿನ ಎರಡನೆಯ ಕ್ಯಾಸೆಟ್ಟಿನ ಮಾದರಿ ತಂದಿದ್ದರು. ವೈಟ್ಟಿಲದಲ್ಲಿ ಜೋಸೆಫನ ಅಂಗಡಿಗೆ ಹೋಗಿ ತಾವೇ ಟೇಪಿಗೆ ಹಾಕಿದರು. ಅದು ಗರಗಸಕ್ಕಿಂತ ಒಂದು ಕೈ ಮೇಲು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಸದ್ದು ನಿಂತಾಗ ಮೂವರೂ ಸೌಜನ್ಯದಿಂದ ತಲೆಯಾಡಿಸಿದರು.

“ಕೊಳ್ಳಾಂ,” ಎಂದ ಒಬ್ಬ.

“ಕೊಳ್ಳಾಂ, ಕೊಳ್ಳಾಂ,” ಎಂದ ಇನ್ನೊಬ್ಬ.

“ಕೊಳ್ಳಾಂ, ಸಾರೇ,” ಎಂದ ಜೋಸೆಫ್.

ದಾಮೋದರ ಓಂಕಾರಪ್ಪನ ತೋಳು ಹಿಡಿದು ಅಂಗಡಿಯ ಮೂಲೆಗೆ ಎಳೆದರು. ಮುಖ ಅರಳಿತ್ತು. “ಕೇಳಿಸ್ಕೊಂಡ್ರಾ? ಮೂರು ಜನಾನೂ ಕೊಳ್ಳೋಣ ಅಂತಿದ್ದಾರಲ್ರೀ! ನೀವು ಸುಮ್ನೆ ನಿಧಾನ ನಿಧಾನ ಅಂತ ಹೆದರಿಸ್ತಿದ್ರಿ. ಇದನ್ನ ದುಪ್ಪಟ್ಟು ಅಚ್ಚು ಹಾಕ್ಸೋಣ. ಡಿಪೋ ಗ್ಯಾರಂಟಿ. ನೀವು ಇಲ್ಲೇ.”

ಓಂಕಾರಪ್ಪ ಮಾಡಬೇಕಾಗಿದ್ದುದು ಇಷ್ಟೇ, ಸುಮ್ಮನಿರುವುದು. ಉಳ್ಳೂರಿನ ಮನೆ, ಬಾವಿ, ಹೆಂಡತಿ, ಅವಳ ಪಾತ್ರೆ ಎಲ್ಲ ಆ ಒಂದು ಪದದಿಂದ ಉಳಿಯುತ್ತಿತ್ತು. ಪೆಟ್ಟಿಗೆಗಳು ಬಂದು ರಾಶಿ ಬೀಳುವ ಹೊತ್ತಿಗೆ ತಪ್ಪು ದಾಮೋದರರದೇ ಆಗಿರುತ್ತಿತ್ತು. ಜೋಸೆಫ್ ಮೀಸೆಯ ಹಿಂದಿನಿಂದ ಅವರನ್ನೇ ನೋಡುತ್ತಿದ್ದ.

“ಸಾರ್,” ಎಂದರು ಓಂಕಾರಪ್ಪ, “ಕೊಳ್ಳಾಂ ಅಂದ್ರೆ ಚೆನ್ನಾಗೈತೆ ಅಂತ. ಕೊಂಡ್ಕೊಳ್ತೀವಿ ಅಂತಲ್ಲ.”

“ಯಾರ್ರೀ ಹೇಳಿದ್ದು?”

“ಎಂಟು ಪೆಟ್ಟಿಗೆ ಹೇಳಿದ್ವು, ಸಾರ್.”

ದಾಮೋದರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬಾಯಿ ತೆರೆದರು. ಹೋದ ವರ್ಷದ ಫೋನು, ‘ಇಡೀ ಕೇರಳ ಕೊಳ್ಳುತ್ತೆ’ ಎಂಬ ಮಾತು ನೆನಪಾಗಿತ್ತು. ಬೈಯಲು ಮಾತು ಜೋಡಿಸಿಕೊಂಡಿದ್ದರು ಕೂಡ. ಆದರೆ ಅದೇ ಮಾತನ್ನು ಈಗತಾನೇ ತಾವೂ ಆಡಿದ್ದರು, ಅದೂ ದುಪ್ಪಟ್ಟು ಹುರುಪಿನಲ್ಲಿ. ಬಾಯಿ ಮುಚ್ಚಿದರು.

“ಟೀ ಹೇಳ್ಲಾ ಸಾರ್?” ಎಂದ ಜೋಸೆಫ್, ಶಿವಾಜಿನಗರದ ಕನ್ನಡದಲ್ಲಿ.

ದಾಮೋದರ ಬೆಚ್ಚಿಬಿದ್ದು ತಿರುಗಿದರು. “ಇವನಿಗೆ ಕನ್ನಡ ಬರುತ್ತಾ?”

“ಬರ್ತದೆ ಸಾರ್. ಕೇಳಿದ್ರೆ ಮಾತ್ರ ಹೇಳ್ತಾನೆ,” ಎಂದರು ಓಂಕಾರಪ್ಪ.

ಸಂಜೆ ಎರ್ನಾಕುಲಂ ನಿಲ್ದಾಣದಲ್ಲಿ ಬೆಂಗಳೂರಿನ ರೈಲಿಗೆ ಕಾಯುತ್ತ ದಾಮೋದರ ಬೆರಳು ಮಡಚಿ ಪೆಟ್ಟಿಗೆಗಳ ಲೆಕ್ಕ ಹಾಕಿದರು. ಕೊನೆಗೆ ಕೇಳಿದರು: “ಆರು ಪೆಟ್ಟಿಗೆ ಹೇಗೆ ಹೋಯ್ತು?”

“ಜಗಳದಿಂದ, ಸಾರ್. ಬ್ರೇಕ್‌ಡೌನ್ ಜಾಸ್ತಿಯಾಯ್ತು ಅಂತ ಕೊಚ್ಚಿಯೋರು, ಕಮ್ಮಿಯಾಯ್ತು ಅಂತ ತಿರುವನಂತಪುರದೋರು.”

“ಟೇಪು ಅಷ್ಟು ಕೆಟ್ಟಿತ್ತಾ?”

ಓಂಕಾರಪ್ಪ ತುಟಿ ಬಿಗಿಹಿಡಿದುಕೊಂಡು, ಪಾವನಾ ತಿಳಿಸಿದಂತೆಯೇ ವಿವರವಾಗಿ ತಿಳಿಸಿದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೈಯಲ್ಲಿ ಏಟು ಹಾಕಿಯೂ ತೋರಿಸಿದರು. ದಾಮೋದರ ಗಮನವಿಟ್ಟು ಕೇಳಿದರು.

“ಡಿಪೋ ಆಗಲ್ಲ ರೀ,” ಎಂದರು ಆಮೇಲೆ. “ಈ ಇಂಗ್ಲಿಷ್ ಸಾಲು ಇಷ್ಟಕ್ಕೇ ನಿಲ್ಲಿಸ್ತೀನಿ. ಆದ್ರೆ ನೀವು ಇಲ್ಲೇ ಇರಿ. ನಿಮ್ಮನ್ನ ನಾಗಪುರಕ್ಕೆ ಹಾಕಿ ಇಲ್ಲಿಗೆ ಇನ್ನೊಬ್ಬನ್ನ ಕಳಿಸಿದ್ರೆ, ಅವನೂ ಬಂದು ಕೊಳ್ಳಾಂ ಕೇಳಿ ಫೋನ್ ಮಾಡ್ತಾನೆ. ನಿಮಗಂತೂ ಅದು ಆಗಿ ಮುಗಿದಿದೆ.” ರೈಲು ಬಂತು. ಹತ್ತುವ ಮುಂಚೆ ಬಾಗಿಲಲ್ಲಿ ನಿಂತು ಸೇರಿಸಿದರು: “ಆಫೀಸಲ್ಲಿ ಇವತ್ತಿನ ವಿಷಯ ಬೇಡ.”

“ವೇಂಡ, ಸಾರ್,” ಎಂದರು ಓಂಕಾರಪ್ಪ.

ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ವಸಂತಿ ಎಂದಿನ ಮಣೆಯ ಮೇಲಿದ್ದಳು. ಓಂಕಾರಪ್ಪ ಚಪ್ಪಲಿ ಬಿಡುತ್ತ ವಿಷಯ ಹೇಳಿದರು. ಸೀತಮ್ಮ ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದೇ ಕೇಳಿ, “ಕೊಳ್ಳಾಂ,” ಎಂದರು.

“ಯಾವ ಕೊಳ್ಳಾಂ?”

“ಚೆನ್ನಾಗಾಯ್ತು ಅಂತ್ರಿ. ಇನ್ನೂ ಪಾಠ ಆಗ್ಲಿಲ್ವಾ?”

ಆಮೇಲೆ ಅವರು ಸ್ಟೂಲು ತರಿಸಿ, ಗಂಡನನ್ನೇ ಹತ್ತಿಸಿ, ಅಟ್ಟದಿಂದ ಗೋಣಿಚೀಲಗಳನ್ನು ಇಳಿಸಿಕೊಂಡರು. ವಸಂತಿ ಹಿತ್ತಲಿನಲ್ಲಿ ಸುವರ್ಣಗೆಡ್ಡೆ ನೆಟ್ಟಿದ್ದಳು; ಬುಡಕ್ಕೆ ಹೊದಿಸಲು ಹಳೆಯ ಗೋಣಿ ಹುಡುಕುತ್ತಿದ್ದಳು. ಸೀತಮ್ಮ ಒಂದನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಅವಳ ಕೈಗೆ ಹಾಕಿದರು. ಹಗ್ಗವನ್ನು ಮಾತ್ರ ಇಟ್ಟುಕೊಂಡರು. ಬಾವಿಯದು ಸವೆದಿತ್ತು.